ಶಹಾಬಾದಿ ಫರ್ಸಿಯ ಹಿನ್ನೆಲೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಲಿನ ಸುಣ್ಣಕಲ್ಲು ಆಳವಿಲ್ಲದ ಕಡಲೊಂದರ ತಳದಲ್ಲಿ ಶೇಖರವಾದದ್ದು. ಭೂವಿಜ್ಞಾನಿಗಳು ಇದನ್ನು ಭೀಮಾ ಶಿಲಾಸಮೂಹಕ್ಕೆ ಸೇರಿಸುತ್ತಾರೆ. ಇದರ ವಯಸ್ಸು 54 ಕೋಟಿ ವರ್ಷಗಳಿಗೂ ಹೆಚ್ಚು. ಈ ಸೀಮೆಯ ಶಿಲೆಗಳ ಬಗ್ಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ವಿಸ್ತಾರವಾಗಿ ಬರೆದಿದ್ದ.

ಆ ಕಡಲಿನ ನೀರು ಏರಿದ ಕ್ರಮವನ್ನು ಶಿಲೆಗಳಲ್ಲಿ ಕೆಳಗಿನಿಂದ ಮೇಲಕ್ಕೆ ಓದಬಹುದು. ಎಲ್ಲಕ್ಕೂ ಕೆಳಗಿನ ಗ್ರಾನೈಟಿನ ಮೇಲೆ ಉರುಟುಕಲ್ಲು, ಮರಳುಗಲ್ಲು. ಅಲೆ ಬಡಿಯುತ್ತಿದ್ದ ದಡದಲ್ಲಿ ಉಳಿಯುವುದು ಇಂಥ ದಪ್ಪ ಸರಕೇ. ಅದರ ಮೇಲೆ ಜೇಡುಗಲ್ಲು. ಮರಳೂ ಮಣ್ಣೂ ಅಷ್ಟಾಗಿ ತಲುಪದ ತಿಳಿನೀರಿನಲ್ಲಿ ಸುಣ್ಣದ ನುಣುಪು ಕೆಸರು ಪದರಪದರವಾಗಿ ಕೂತಿತು. ಕರಾವಳಿಯ ಅಳಿವೆಗಳಲ್ಲಿ ಇಂದು ಕಾಣುವ ಕಾಂಡ್ಲಾ ಕಾಡು ಆ ದಡದಲ್ಲಿರಲಿಲ್ಲ. ಚಿಪ್ಪಿನ ಜೀವಿಗಳೂ ಹುಟ್ಟಿರಲಿಲ್ಲ. ಶಹಾಬಾದಿ ಕಲ್ಲಿನಲ್ಲಿ ಶಂಖ, ಚಿಪ್ಪು ಹುಡುಕುವವರಿಗೆ ನಿರಾಶೆ ಖಚಿತ. ಬಹಳ ಕಾಲದ ನಂತರ, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ಹರಿದು ಬಂದ ಲಾವಾ ಚಿಂಚೋಳಿಯ ಬಹುಭಾಗವನ್ನು ಮುಚ್ಚಿತು.

ಪದರ ಇರುವುದರಿಂದಲೇ ಈ ಕಲ್ಲು ಸುಲಭವಾಗಿ ಏಳುತ್ತದೆ. ಸಂದಿಗೆ ಉಳಿ ಇಟ್ಟು ಬಡಿದು, ಹಾರೆ ಹಾಕಿ ಮೀಟಿದರೆ ಹಲಗೆಯಂತೆ ಚಪ್ಪಟೆಯಾದ ಫರ್ಸಿಯಾಗಿ ಮೇಲೆ ಬರುತ್ತದೆ. ಈ ಗುಣವನ್ನು ಮೊದಲು ಕಂಡವರು ಇಂದಿನ ಗಣಿಯವರಲ್ಲ. ಸನ್ನತಿಗೆ ಹತ್ತಿರದ ಕನಗನಹಳ್ಳಿಯ ಬೌದ್ಧ ಸ್ತೂಪಕ್ಕೆ ಸುಮಾರು 2,000 ವರ್ಷಗಳ ಹಿಂದೆಯೇ ಸುಣ್ಣಕಲ್ಲಿನ ಚಪ್ಪಡಿಗಳನ್ನು ಕೆತ್ತಿ ಹೊದಿಸಿದ್ದರು. ಅಶೋಕನ ಚಿತ್ರವೂ ‘ರಾಯೋ ಅಸೋಕೋ’ ಎಂಬ ಬ್ರಾಹ್ಮಿ ಬರಹವೂ ಇರುವ ಚಪ್ಪಡಿ ಅಲ್ಲಿಯದೇ. ಮುಂದೆ ರಾಷ್ಟ್ರಕೂಟರ ರಾಜಧಾನಿಯಾದ ಮಳಖೇಡವೂ ಇದೇ ಶಿಲೆಯ ನೆಲದಲ್ಲಿ, ಕಾಗಿಣಾ ನದಿಯ ದಂಡೆಯಲ್ಲಿದೆ.

ಕಲ್ಲು ದೂರದೂರಿಗೆ ಹೋಗಲು ರೈಲು ಬರಬೇಕಾಯಿತು. ಮುಂಬಯಿ–ರಾಯಚೂರು ಮಾರ್ಗ 1871ರಲ್ಲಿ ಪೂರ್ಣಗೊಂಡಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿತು. ಎತ್ತಿನ ಗಾಡಿಗೆ ಮೀರಿದ ಭಾರ ವ್ಯಾಗನ್ನಿಗೆ ಹಗುರ. ಸರಕು ಏರುವ ನಿಲ್ದಾಣದ ಹೆಸರೇ ಕಲ್ಲಿಗೂ ಅಂಟಿತು: ಸೇಡಂನ ಗಣಿಯಲ್ಲಿ ಎದ್ದರೂ ಅದು ಶಹಾಬಾದಿ ಫರ್ಸಿಯೇ.

ಅದೇ ಸುಣ್ಣಕಲ್ಲು ಸಿಮೆಂಟಿಗೂ ಬೇಕಾಯಿತು. 1936ರಲ್ಲಿ ಹಲವು ಸಿಮೆಂಟ್ ಕಂಪನಿಗಳು ಕೂಡಿ ಎಸಿಸಿ ಆದಾಗ ಶಹಾಬಾದಿನ ಕಾರ್ಖಾನೆ ಅದರೊಳಗೆ ಸೇರಿತು. 1968ರಲ್ಲಿ ವಾಡಿಯಲ್ಲಿ ಇನ್ನೊಂದು ಎದ್ದಿತು. 1980ರ ದಶಕದಲ್ಲಿ ಮಳಖೇಡ, ಸೇಡಂಗಳಿಗೂ, ಬಳಿಕ ಚಿಂಚೋಳಿ ತಾಲೂಕಿಗೂ ಸಿಮೆಂಟ್ ಬಂತು. ಫರ್ಸಿ ತೆಗೆಯುವವನಿಗೆ ಬಿರುಕಿಲ್ಲದ ಪದರ ಬೇಕು. ಸಿಮೆಂಟಿಗೆ ಪದರದ ಹಂಗಿಲ್ಲ, ಎಲ್ಲವೂ ಪುಡಿಯಾಗುತ್ತದೆ. ಮನೆಯೊಳಗಿನ ನೆಲವನ್ನು ಟೈಲ್ಸ್ ಬಹುಮಟ್ಟಿಗೆ ಕಸಿದುಕೊಂಡಿದ್ದರೂ, ಅಂಗಳ, ಮೆಟ್ಟಿಲು, ಅಡುಗೆಮನೆಯ ಕಟ್ಟೆಗಳಿಗೆ ಶಹಾಬಾದಿ ಕಲ್ಲು ಇಂದಿಗೂ ಮಾರಾಟವಾಗುತ್ತಿದೆ.