ಫ್ಯಾಕ್ಟ್ ಚೆಕ್: ಹೆಪ್ಪುಗಟ್ಟಿದ ಕೆರೆಯ ಮೇಲೆ ಕಾರು ನಿಂತಿದ್ದರೆ ನಾವೂ ನಡೆಯಬಹುದೇ?

ಸಾರಾಂಶ

ಮಂಜುಗಡ್ಡೆಯಾದ ಕೆರೆಯ ಮೇಲೆ ಕಾರು ನಿಲ್ಲಿಸಿ, ರಂಧ್ರ ಕೊರೆದು ಗಾಳ ಹಾಕಿ ಮೀನು ಹಿಡಿಯುವ ವಿಡಿಯೋ ನಿಮಗೂ ಬಂದಿರಬಹುದು. ಇದನ್ನು ನೋಡಿದಾಗ ಎರಡು ಮಾತು ಹೊಳೆಯುತ್ತವೆ: "ಕೆರೆಯೇ ಹೆಪ್ಪುಗಟ್ಟಿದರೆ ಮೀನು ಬದುಕುವುದಿಲ್ಲ, ಇದು ನಕಲಿ" ಮತ್ತು "ಕಾರೇ ನಿಂತಿದೆ, ನಾವು ನಡೆದರೆ ಏನಾಗುತ್ತದೆ?" ಮೊದಲನೆಯದು ಸುಳ್ಳು. ಎರಡನೆಯದು ಅಪಾಯಕಾರಿ.

ಹೀಗೆ ಮೀನು ಹಿಡಿಯುವುದು ನಿಜವೇ?

ನಿಜ. '10,000 ಕೆರೆಗಳ ನಾಡು' ಎನಿಸಿಕೊಂಡ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಇದು ಚಳಿಗಾಲದ ಜನಪ್ರಿಯ ಹವ್ಯಾಸ. ಅಲ್ಲಿನ ರಾಜ್ಯ ಮೀನು ವಾಲೈ. ಅದನ್ನು ಹಿಡಿಯಲು ಜನ ಮಂಜುಗಡ್ಡೆಯ ಮೇಲೆ ಪುಟ್ಟ ಗುಡಿಸಲನ್ನೇ ಹಾಕಿಕೊಳ್ಳುತ್ತಾರೆ.

ಕೆಳಗೆ ಮೀನು ಹೇಗೆ ಬದುಕುತ್ತದೆ?

ನೀರು ಅತಿ ಹೆಚ್ಚು ಸಾಂದ್ರವಾಗಿರುವುದು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಆ ನೀರು ತಳಕ್ಕೆ ಇಳಿಯುತ್ತದೆ, ಅದಕ್ಕಿಂತ ತಣ್ಣಗಿನ ನೀರು ಮೇಲುಳಿದು ಹೆಪ್ಪುಗಟ್ಟುತ್ತದೆ. ಈ ಮಂಜುಗಡ್ಡೆ ಹೊದಿಕೆಯಂತೆ ಕೆಳಗಿನ ನೀರನ್ನು ಕಾಯುತ್ತದೆ. ಚಳಿಯಲ್ಲಿ ಮೀನಿನ ದೇಹದ ಚಟುವಟಿಕೆ ನಿಧಾನವಾಗುವುದರಿಂದ ಅದಕ್ಕೆ ಆಹಾರ, ಆಮ್ಲಜನಕ ಕಡಿಮೆ ಸಾಕು.

ಎಷ್ಟು ದಪ್ಪ ಇರಬೇಕು?

ಮಿನ್ನೆಸೋಟದ ನೈಸರ್ಗಿಕ ಸಂಪನ್ಮೂಲ ಇಲಾಖೆಯ ಸಲಹೆಯಂತೆ, ಗಟ್ಟಿಯಾದ ತಿಳಿ ಮಂಜುಗಡ್ಡೆ ನಡೆಯುವವರಿಗೆ ಕನಿಷ್ಠ 4 ಇಂಚು, ಸಣ್ಣ ಕಾರಿಗೆ 9–10 ಇಂಚು ಇರಬೇಕು. ಬಿಳಿ ಮಂಜುಗಡ್ಡೆಯಾದರೆ ಇದರ ಎರಡರಷ್ಟು ಬೇಕು. ಇಷ್ಟಿದ್ದರೂ ಯಾವ ಮಂಜುಗಡ್ಡೆಯೂ ನೂರಕ್ಕೆ ನೂರು ಸುರಕ್ಷಿತವಲ್ಲ.

ಏಕೆಂದರೆ ಒಂದೇ ಕೆರೆಯಲ್ಲೂ ದಪ್ಪ ಒಂದೇ ಸಮ ಇರುವುದಿಲ್ಲ. ಊಟೆ ಇರುವಲ್ಲಿ, ಸೇತುವೆಯ ಕೆಳಗೆ, ತೊರೆ ಬಂದು ಸೇರುವಲ್ಲಿ ಅದು ತೆಳು. ಮೇಲೆ ಹಿಮ ಬಿದ್ದಿದ್ದರೆ ತೆಳು ಜಾಗ ಕಣ್ಣಿಗೆ ಕಾಣುವುದೂ ಇಲ್ಲ. ಅನುಭವಿಗಳು ಹೆಜ್ಜೆ ಹೆಜ್ಜೆಗೂ ಕೊರೆದು ಅಳೆಯುತ್ತಾರೆ. ವಿಡಿಯೋದಲ್ಲಿ ಆ ಭಾಗ ಸಾಮಾನ್ಯವಾಗಿ ಇರುವುದಿಲ್ಲ.

ಇದು ಮೀನು ಹಿಡಿಯುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. 2022ರ ಡಿಸೆಂಬರ್ 26ರಂದು ಅಮೆರಿಕದ ಇನ್ನೊಂದು ರಾಜ್ಯವಾದ ಅರಿಝೋನಾದಲ್ಲಿ, ಹೆಪ್ಪುಗಟ್ಟಿದ ಕೆರೆಯ ಮೇಲೆ ನಡೆಯುತ್ತಿದ್ದ ಭಾರತ ಮೂಲದ ಮೂವರು ಮಂಜುಗಡ್ಡೆ ಒಡೆದು ಪ್ರಾಣ ಕಳೆದುಕೊಂಡರು.

ಒಳಗೆ ಬಿದ್ದರೆ ಏನು ಮಾಡಬೇಕು?

- ಮೊದಲ ಒಂದು ನಿಮಿಷ ಏದುಸಿರು ಬರುತ್ತದೆ. ತಲೆಯನ್ನು ನೀರಿನ ಮೇಲಿಟ್ಟು ಉಸಿರು ಹತೋಟಿಗೆ ತನ್ನಿ. ಕೈಕಾಲು ಆಡುವುದು ಸುಮಾರು ಹತ್ತು ನಿಮಿಷ ಮಾತ್ರ.
- ಬಂದ ದಿಕ್ಕಿಗೇ ತಿರುಗಿ. ಅಲ್ಲಿನ ಮಂಜುಗಡ್ಡೆ ನಿಮ್ಮ ಭಾರ ತಡೆದಿತ್ತು.
- ಕಾಲು ಬಡಿಯುತ್ತಾ ಹೊಟ್ಟೆಯ ಮೇಲೆ ಜಾರಿ ಹೊರಬನ್ನಿ. ಎದ್ದು ನಿಲ್ಲಬೇಡಿ, ಉರುಳಿಕೊಂಡು ದೂರ ಹೋಗಿ.
- ನೋಡಿದವರು ಹತ್ತಿರ ಓಡಬೇಡಿ. 911ಕ್ಕೆ ಕರೆ ಮಾಡಿ, ದೂರದಿಂದ ಹಗ್ಗ ಎಸೆಯಿರಿ.

ತೀರ್ಪು

ವಿಡಿಯೋ ನಿಜವಿರಬಹುದು. ಆದರೆ ಅದರಲ್ಲಿ ಕಾರು ನಿಂತಿರುವುದು ಆ ದಿನ, ಆ ಜಾಗದಲ್ಲಿ ಮಾತ್ರ. ನಿಮ್ಮ ಮನೆಯವರು ಅಂಥ ಊರಿನಲ್ಲಿದ್ದರೆ, ವಿಡಿಯೋ ಜೊತೆ ಇದನ್ನೂ ಕಳುಹಿಸಿ.