ಚಂದಕ್ಕೆಂದು ತಂದ ಲಂಟಾನ

ಪುಣೆಯಿರಲಿ, ಹೈದರಾಬಾದಿರಲಿ, ನರ್ಸರಿಗೆ ಹೋಗಿ ‘ಬಾಲ್ಕನಿಗೆ ಚಿಟ್ಟೆ ಬರುವಂಥ ಗಿಡ ಬೇಕು’ ಎಂದು ಕೇಳಿ ನೋಡಿ. ಅವರು ತೋರಿಸುವ ಕುಂಡಗಳಲ್ಲಿ ಲಂಟಾನ ಇರುವ ಸಾಧ್ಯತೆಯೇ ಹೆಚ್ಚು. ಹಳದಿ, ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಹೂಗಳ ಗೊಂಚಲು. ಬಿಸಿಲು ತಡೆಯುತ್ತದೆ, ಹೆಚ್ಚು ನೀರು ಕೇಳುವುದಿಲ್ಲ, ಚಿಟ್ಟೆಗಳೂ ಬರುತ್ತವೆ. ಆದರೆ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಇದೇ ಗಿಡ ಕಾಡು ನುಂಗಿದ ಪೊದೆ. ತೋಟದ ಸಿಂಗಾರ ಕಾಡಿನ ಕಂಟಕವಾದ ಕಥೆ ಶುರುವಾಗುವುದು ಬಹಳ ದೂರದಲ್ಲಿ.

ಲಂಟಾನದ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕದ ಉಷ್ಣವಲಯ. ಚಿಟ್ಟೆಗಳ ಜೊತೆಗೆ ಹಮ್ಮಿಂಗ್‌ಬರ್ಡ್‌ಗಳೂ ಅಲ್ಲಿ ಅದರ ಮಕರಂದಕ್ಕೆ ಎರಗುತ್ತವೆ. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಯುರೋಪಿಗೆ ಒಯ್ದರು. ಅಲ್ಲಿನ ತೋಟಗಾರರು ತಳಿಗೆ ತಳಿ ಬೆರೆಸಿ, ಬಣ್ಣ ಹೆಚ್ಚಿಸಿ, ಗಟ್ಟಿ ಜೀವದ ನೂರಾರು ಬಗೆಗಳನ್ನು ಬೆಳೆಸಿದರು. ಮುಂದೆ ಊರೂರಿಗೆ ಹೋದದ್ದು ಹೆಚ್ಚಾಗಿ ಈ ಬೆರಕೆ ಸಂತಾನವೇ.

ಈ ಹೂವಿನ ಜಾಣತನವನ್ನು ಗಮನಿಸಿದವರು ಬ್ರೆಜಿಲ್‌ನಲ್ಲಿ ನೆಲೆಸಿದ್ದ ಜರ್ಮನ್ ನಿಸರ್ಗತಜ್ಞ ಫ್ರಿಟ್ಜ್ ಮ್ಯುಲರ್. ಅವರು ಡಾರ್ವಿನ್‌ಗೆ ಬರೆದ ಪತ್ರವೊಂದು 1877ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅವರ ಕಡೆಯ ಲಂಟಾನದ ಹೂವು ಮೊದಲ ದಿನ ಹಳದಿ, ಎರಡನೆಯ ದಿನ ಕಿತ್ತಳೆ, ಮೂರನೆಯ ದಿನ ನೇರಳೆ. ಕೆಲವು ಚಿಟ್ಟೆಗಳು ಹಳದಿಯನ್ನಷ್ಟೇ ಹುಡುಕುತ್ತವೆ. ನೇರಳೆಯನ್ನು ಯಾವುದೂ ಮುಟ್ಟಿದ್ದನ್ನು ಅವರು ಕಾಣಲಿಲ್ಲ. ಹಳೆಯ ಹೂಗಳು ಗೊಂಚಲನ್ನು ದೂರದಿಂದ ಎದ್ದು ಕಾಣಿಸುತ್ತವೆ, ಹೊಸವು ಮಕರಂದ ಬಡಿಸುತ್ತವೆ.

ಭಾರತಕ್ಕೆ ಲಂಟಾನ ಬಂದದ್ದು 19ನೇ ಶತಮಾನದ ಮೊದಲ ದಶಕದಲ್ಲಿ, ಕಲ್ಕತ್ತದ ಸಸ್ಯೋದ್ಯಾನಕ್ಕೆ. ಬಂಗಲೆಗಳ ಅಂಗಳಕ್ಕೆ, ಬೇಲಿಗೆ ಹೇಳಿ ಮಾಡಿಸಿದಂಥ ಗಿಡ. ಎಲೆಯಲ್ಲಿ ವಿಷವಿರುವುದರಿಂದ ದನಗಳು ಮೇಯುವುದಿಲ್ಲ. ಆದರೆ ಕಪ್ಪು ಹಣ್ಣು ಪಿಕಳಾರ ಹಕ್ಕಿಗಳಿಗೆ ಇಷ್ಟ. ಅವು ತಿಂದು ಹಾರಿದಲ್ಲೆಲ್ಲ ಬೀಜ ಬಿತ್ತು. ಬೇಲಿ ತೋಟವನ್ನು ಕಾಯಿತು, ಬೇಲಿಯನ್ನು ಕಾಯುವವರು ಮಾತ್ರ ಇರಲಿಲ್ಲ.

1916ರ ಹೊತ್ತಿಗೆ ಕೊಡಗಿನ ಕಾಡುಗಳ ಲಂಟಾನವನ್ನೇ ಕುರಿತ ಲೇಖನ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬಂತು. ಅದೇ ಕಾಲದಲ್ಲಿ ಕೀಟತಜ್ಞ ವೈ. ರಾಮಚಂದ್ರ ರಾವ್ ಈ ಗಿಡವನ್ನು ತಿನ್ನುವ ಕೀಟಗಳಿಗಾಗಿ ದೇಶವೆಲ್ಲ ಹುಡುಕಿ, 1920ರಲ್ಲಿ ವರದಿ ಪ್ರಕಟಿಸಿದರು. ಅದನ್ನು ಹದ್ದುಬಸ್ತಿನಲ್ಲಿಡುವಂಥ ಕೀಟ ಸಿಗಲಿಲ್ಲ. ಕಾರಣ ಸರಳ: ನಮ್ಮ ಕೀಟಗಳಿಗೆ ಅದು ಅಪರಿಚಿತ ಊಟ. ಮುಂದೆ ಹೊರದೇಶಗಳಿಂದ ಕೀಟಗಳನ್ನು ತರಿಸಿದರೂ ಲಂಟಾನ ಜಗ್ಗಲಿಲ್ಲ.

ಬೆಲೆ ತೆತ್ತವರು ಕಾಡಿನಲ್ಲೇ ಬದುಕುವವರು. ಸೋಲಿಗರು ಹಿಂದೆ ಬೇಸಿಗೆಯ ಆರಂಭದಲ್ಲಿ ‘ತರಗು ಬೆಂಕಿ’ ಹಾಕುತ್ತಿದ್ದರು. ಒಣ ಎಲೆಗಳಷ್ಟೇ ಸುಡುವ ಸಣ್ಣ ಬೆಂಕಿ ಅದು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟ ಅಭಯಾರಣ್ಯವಾಯಿತು, ಬೆಂಕಿ ನಿಂತಿತು. ಆಮೇಲೆಯೇ ಲಂಟಾನ ಮೇಲೆದ್ದಿತು ಎನ್ನುತ್ತಾರೆ ಸೋಲಿಗರು. ಪೊದೆಯ ಕೆಳಗೆ ಹುಲ್ಲು ಹುಟ್ಟುವುದಿಲ್ಲ, ನೆಲ್ಲಿಯ ಸಸಿ ಮೇಲೇಳುವುದಿಲ್ಲ. ದೇಶದ ಕಾಡುಗಳಲ್ಲಿ ಲಂಟಾನ ಸುಮಾರು 1,54,000 ಚದರ ಕಿಲೋಮೀಟರ್ ಆವರಿಸಿದೆ ಎಂದು 2020ರ ಅಧ್ಯಯನವೊಂದು ಅಂದಾಜಿಸಿತು.

ಸೋತು ಕೂರದವರೂ ಇದ್ದಾರೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದ ಕಡ್ಡಿ ಬೇಯಿಸಿ, ಸಿಪ್ಪೆ ಸುಲಿದು, ಬಿದಿರಿನ ಬದಲು ಅದರಿಂದ ಪೀಠೋಪಕರಣ ಮಾಡಲು ಕಲಿತರು. ನೀಲಗಿರಿಯ ಗೂಡಲೂರಿನ ಸುತ್ತಮುತ್ತ ಆದಿವಾಸಿ ಕುಶಲಕರ್ಮಿಗಳು ಇದೇ ಕಡ್ಡಿಯಿಂದ ನಿಜಗಾತ್ರದ ಆನೆಗಳನ್ನು ಕಟ್ಟಿದರು. 2024ರಲ್ಲಿ ಆ ಆನೆಗಳ ಹಿಂಡೊಂದು ಅಮೆರಿಕದ ನ್ಯೂಪೋರ್ಟ್ ಕಡಲತೀರದಲ್ಲಿ ನಿಂತಿತು. ಹೂವಾಗಿ ಹೊರಟ ಗಿಡ ನಾಲ್ಕು ಶತಮಾನಗಳ ಮೇಲೆ ಆನೆಯಾಗಿ ಅಮೆರಿಕ ಖಂಡಕ್ಕೆ ಮರಳಿತ್ತು.

ಇನ್ನು ನಿಮ್ಮ ಬಾಲ್ಕನಿಯ ಮಾತು. ಲಂಟಾನ ಚಿಟ್ಟೆಯನ್ನು ಕರೆಯುತ್ತದೆ, ಆದರೆ ಅದರ ಮರಿಹುಳುವಿಗೆ ಉಣಿಸುವುದಿಲ್ಲ. ಮೊಟ್ಟೆ ಇಡಲು ಚಿಟ್ಟೆಗೆ ತನ್ನದೇ ಗಿಡ ಬೇಕು: ಒಂದಕ್ಕೆ ಕರಿಬೇವು ಅಥವಾ ನಿಂಬೆ, ಇನ್ನೊಂದಕ್ಕೆ ಎಕ್ಕ, ಕರ್ನಾಟಕದ ರಾಜ್ಯ ಚಿಟ್ಟೆಗೆ ಈಶ್ವರಿ ಬಳ್ಳಿ. ಹಮ್ಮಿಂಗ್‌ಬರ್ಡ್ ನಮ್ಮಲ್ಲಿಲ್ಲ, ಅದರ ಕೆಲಸ ಮಾಡುವ ಸೂರಕ್ಕಿಗೆ ಒಂದು ದಾಸವಾಳವಿದ್ದರೂ ಆದೀತು. ಕುಂಡದ ಕರಿಬೇವಿನ ಎಲೆಗಳಲ್ಲಿ ತೂತು ಕಂಡರೆ ಬೇಸರಿಸಬೇಡಿ. ಚಿಟ್ಟೆ ಬಂದುಹೋಗಿದೆ, ಮಕ್ಕಳನ್ನು ನಿಮ್ಮ ಬಳಿ ಬಿಟ್ಟುಹೋಗಿದೆ.