ಒಂದೇ ಸುಳ್ಳನ್ನು ಇಪ್ಪತ್ತೊಂದು ಸಲ ಹೇಳಿದರೆ...

ಹೋದ ವರ್ಷ ರಿಲೀಸ್ ಮುಗಿದ ವಾರ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಒಂದು ಪ್ರಶ್ನಾವಳಿ ಬಂತು. ಡಾಸ್-21 ಅಂತ. ಖಿನ್ನತೆ, ಆತಂಕ, ಒತ್ತಡ, ಮೂರನ್ನೂ ಅಳೆಯುವಂಥದ್ದು. ಕಳೆದ ಒಂದು ವಾರ ಹೇಗಿದ್ದಿರಿ, 0ಯಿಂದ 3ರೊಳಗೆ ಅಂಕ ಕೊಡಿ. ಹೆಸರು ಬೇಡ, ಎಂಪ್ಲಾಯಿ ನಂಬರ್ ಸಾಕು! ಆ ವಾರ ನಾನು ಸರಿಯಾಗಿ ನಿದ್ದೆಯನ್ನೇ ಮಾಡಿರಲಿಲ್ಲ. ಆದರೂ ಎಲ್ಲದಕ್ಕೂ ಸೊನ್ನೆ ಒತ್ತಿ ಕಳಿಸಿಬಿಟ್ಟೆ.

ಆಮೇಲೆ ತಲೆಗೆ ಹುಳ ಹೊಕ್ಕಿತು. ಇಂಥ ಪ್ರಶ್ನಾವಳಿಯನ್ನು ನಂಬಬಹುದು ಅಂತ ಪರೀಕ್ಷಿಸುವುದು ಹೇಗೆ? ಹುಡುಕುತ್ತಾ ಹೋದರೆ ನೂರು ವರ್ಷಕ್ಕೂ ಹಳೆಯ ಕಥೆ ಸಿಕ್ಕಿತು.

1910ರಲ್ಲಿ ಬ್ರಿಟನ್ನಿನ ಚಾರ್ಲ್ಸ್ ಸ್ಪಿಯರ್‌ಮನ್ ಮತ್ತು ವಿಲಿಯಂ ಬ್ರೌನ್ ಬೇರೆ ಬೇರೆಯಾಗಿ ಒಂದೇ ಸೂತ್ರ ಪ್ರಕಟಿಸಿದರು. ಪ್ರಶ್ನೆಗಳನ್ನು ಎರಡು ಪಾಲು ಮಾಡಿ, ಎರಡೂ ಪಾಲಿನ ಅಂಕಗಳು ಎಷ್ಟು ಹೊಂದುತ್ತವೆ ನೋಡಿ, ಅದರಿಂದ ಇಡೀ ಪರೀಕ್ಷೆಯ ವಿಶ್ವಾಸಾರ್ಹತೆ ಲೆಕ್ಕಹಾಕಬಹುದು. ಆದರೆ ಪಾಲು ಮಾಡುವುದು ಹೇಗೆ? 14 ಪ್ರಶ್ನೆಗಳನ್ನು ಸಮನಾಗಿ ಒಡೆಯಲು 1716 ದಾರಿಗಳಿವೆ. ಒಂದೊಂದಕ್ಕೂ ಒಂದೊಂದು ಉತ್ತರ!

1951ರಲ್ಲಿ ಅಮೆರಿಕದ ಲೀ ಕ್ರೋನ್‌ಬಾಕ್ 'ಆಲ್ಫಾ' ಬಗ್ಗೆ ಬರೆದರು. ಹೀಗೆ ಒಡೆಯುವ ಎಲ್ಲ ದಾರಿಗಳ ಸರಾಸರಿಯೇ ಆಲ್ಫಾ ಎಂದು ತೋರಿಸಿದರು. ಸೂತ್ರ ಹೊಸದಲ್ಲ, ಲೂಯಿ ಗಟ್‌ಮನ್ 1945ರಲ್ಲೇ ಕೊಟ್ಟಿದ್ದರು. ಕ್ರೋನ್‌ಬಾಕ್ ತೀರಿಕೊಂಡ ಮೇಲೆ 2004ರಲ್ಲಿ ಪ್ರಕಟವಾದ ಲೇಖನದಲ್ಲಿ, ಅದಕ್ಕೆ ತಮ್ಮ ಹೆಸರು ಅಂಟಿಕೊಂಡದ್ದು ಮುಜುಗರ ಅಂತ ಅವರೇ ಹೇಳಿಕೊಂಡಿದ್ದಾರೆ.

ಇನ್ನು ನಮ್ಮ ಡಾಸ್. ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಇಬ್ಬರು ಲವಿಬಾಂಡರು 1995ರಲ್ಲಿ ಪ್ರಕಟಿಸಿದ್ದು. ಅವರು ಹೊರಟದ್ದು ಖಿನ್ನತೆ ಮತ್ತು ಆತಂಕವನ್ನು ಬೇರ್ಪಡಿಸಲು. ಎರಡಕ್ಕೂ ಸೇರದ ಕೆಲವು ಪ್ರಶ್ನೆಗಳು, ಸಿಡುಕು, ಬಿಗಿತ, ಆರಾಮಾಗಿ ಇರಲಾಗದಿರುವುದು, ತಮ್ಮಲ್ಲೇ ಗುಂಪುಗೂಡಿದವು. ಆ ಮೂರನೇ ಗುಂಪಿಗೆ 'ಒತ್ತಡ' ಎಂದು ಹೆಸರಿಟ್ಟರು. ಮೂಲದಲ್ಲಿ ಗುಂಪಿಗೆ 14ರಂತೆ 42 ಪ್ರಶ್ನೆ, ಚಿಕ್ಕದರಲ್ಲಿ 7ರಂತೆ 21.

ಇಲ್ಲೊಂದು ಗಣಿತ ನೋಡಿ. ಪ್ರಶ್ನೆ ಪ್ರಶ್ನೆಗಳ ನಡುವಿನ ಸರಾಸರಿ ಹೊಂದಾಣಿಕೆ 0.3 ಇದ್ದರೆ, 7 ಪ್ರಶ್ನೆಗೆ ಆಲ್ಫಾ 0.75. ಅಂಥವೇ 14 ಆದರೆ 0.86. ಪ್ರಶ್ನೆಗಳ ಗುಣಮಟ್ಟ ಎಳ್ಳಷ್ಟೂ ಬದಲಾಗಿಲ್ಲ, ಸಂಖ್ಯೆ ಮಾತ್ರ ಏರಿತು. ಅಂದರೆ ಆಲ್ಫಾ ಹೇಳುವುದು ಉತ್ತರಗಳು ಒಂದಕ್ಕೊಂದು ಹೊಂದುತ್ತವೆ ಎಂದಷ್ಟೇ. ನಿಜವೋ ಅಲ್ಲವೋ ಅದಕ್ಕೆ ಗೊತ್ತಿಲ್ಲ. ನಮ್ಮ ಟೆಸ್ಟ್ ಕೇಸ್‌ಗಳೂ ಹಾಗೇ ತಾನೆ? ಎಲ್ಲಾ ಪಾಸ್ ಆಗುತ್ತವೆ, ಕಸ್ಟಮರ್ ಫೋನ್ ಮಾಡುತ್ತಾನೆ!

ನನ್ನ 21 ಸೊನ್ನೆಗಳನ್ನೇ ತಗೊಳ್ಳಿ. ಕೆಲವರು ನನ್ನ ಹಾಗೆ ಎಲ್ಲಕ್ಕೂ ಸೊನ್ನೆ ಒತ್ತಿ, ಉಳಿದವರು ನಿಜ ಹೇಳಿದರೆ, ಆಲ್ಫಾ ಇಳಿಯುವುದಕ್ಕಿಂತ ಏರುವ ಸಾಧ್ಯತೆಯೇ ಹೆಚ್ಚು. ಡಾಸ್‌ನಲ್ಲಿ ಇಂಥದ್ದನ್ನು ಹಿಡಿಯಲು ಉಲ್ಟಾ ಕೇಳುವ ಪ್ರಶ್ನೆಯೂ ಇಲ್ಲ. ಸುಳ್ಳು ಹೇಳಿ ನಾನು ಅವರ ಅಂಕಿಯನ್ನು ಚೆಂದ ಮಾಡಿಕೊಟ್ಟಿದ್ದೆ! ಆದರೆ ನಿದ್ದೆ ಬಾರದವನೊಬ್ಬ ಅಲ್ಲಿದ್ದಾನೆ ಅಂತ ಯಾರಿಗೂ ಗೊತ್ತಾಗಲಿಲ್ಲ.

ಮುಂದಿನ ಸಲ ನಿಜ ಬರೆಯುತ್ತೇನಾ? ಎಂಪ್ಲಾಯಿ ನಂಬರ್ ಕೇಳದಿದ್ದರೆ ಖಂಡಿತ. ನೀವು?